ಬೇಸಿಗೆಯ ಹತ್ತು ವಾರಗಳು

(ಬಳಗದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ಬಗ್ಗೆ ಮಾತನಾಡಲು ಕರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಈ ಬಾರಿ ಬಳಗದವರು ಬೇರೊಂದು ವಿಷಯವನ್ನು ವಹಿಸಿದ್ದಾರೆ. ಅದಕ್ಕೆ ಕಾರಣ ನಮ್ಮ ಕಾರ್ಯದರ್ಶಿಗಳ ಕಡತದಲ್ಲಿರುವ ಎರಡು ಪತ್ರಗಳು. ಮೊದಲನೆಯದು ಅಮೆರಿಕದ ವಿಶ್ವವಿದ್ಯಾಲಯವೊಂದರ ಕಾನೂನು ವಿದ್ಯಾರ್ಥಿನಿ ಬರೆದದ್ದು. ಮಾನವ ಹಕ್ಕುಗಳ ಬೇಸಿಗೆ ಫೆಲೋಶಿಪ್ ಪಡೆದು, ಬರುವ ಜೂನ್ ತಿಂಗಳಿನಿಂದ ಹತ್ತು ವಾರ ನಮ್ಮಲ್ಲಿದ್ದು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದ ಕುಟುಂಬಗಳ ಕುರಿತು ಕೆಲಸ ಮಾಡಲು ಆಕೆ ಅನುಮತಿ ಕೇಳಿದ್ದಾರೆ. ಎರಡನೆಯದು ನಮ್ಮ ಊರುಗಳದೇ ಇಬ್ಬರು ವಿದ್ಯಾರ್ಥಿಗಳ ಪತ್ರ. ಅಂಥ ಅವಕಾಶಗಳಿಗೆ ತಾವೂ ಅರ್ಜಿ ಹಾಕುವವರಿದ್ದೇವೆ, ಬಳಗದ ಶಿಫಾರಸು ಬೇಕು ಎಂಬುದು ಅವರ ಕೋರಿಕೆ.

ಎರಡನೆಯ ಪತ್ರಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಮೊದಲನೆಯದಕ್ಕೆ ಆಕ್ಷೇಪ ಬಂತು. ಹತ್ತು ವಾರ ಇದ್ದು ಹೋಗುವವರಿಂದ ಯಾರಿಗೆ ಯಾವ ಹಕ್ಕು ಸಿಕ್ಕೀತು ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆ ನ್ಯಾಯವಾದುದು. ಕೆಲವು ವರ್ಷಗಳ ಹಿಂದೆ ಹೊರಗಿನ ಸಂಸ್ಥೆಯೊಂದರಿಂದ ಬಂದ ತಂಡ ನಮ್ಮ ಜಗಲಿಗಳಲ್ಲಿ ಕುಳಿತು ನಾಲ್ಕು ದಿನ ಪ್ರಶ್ನೆ ಕೇಳಿತು. ನಮ್ಮ ಕಂದಾಯ ರಸೀದಿಗಳ, ಹಳೆಯ ಪಹಣಿಗಳ ಚಿತ್ರ ತೆಗೆದುಕೊಂಡಿತು. ಆಮೇಲೆ ಅವರಿಂದ ಒಂದು ಹಾಳೆಯೂ ಹಿಂದಿರುಗಿ ಬರಲಿಲ್ಲ. ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಆದರೆ ಆ ಕಹಿ ಇನ್ನೂ ಇದೆ ಎಂಬುದನ್ನು ಮರೆಮಾಚಿ ನಾನು ಮಾತನಾಡುವಂತಿಲ್ಲ.

ಈ ಫೆಲೋಶಿಪ್ ಎಂದರೇನು ಎಂಬುದನ್ನು ಮೊದಲು ನೋಡೋಣ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದೀರ್ಘ ರಜೆ. ಆ ಅವಧಿಯಲ್ಲಿ ಯಾವುದಾದರೂ ದೇಶದ ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಕೆಲಸ ಮಾಡಲು ಹೊರಡುವ ವಿದ್ಯಾರ್ಥಿಗೆ ಪ್ರಯಾಣ, ಊಟ, ವಸತಿಗಳ ಖರ್ಚನ್ನು ವಿಶ್ವವಿದ್ಯಾಲಯ ಭರಿಸುತ್ತದೆ. ವಿದ್ಯಾರ್ಥಿ ಮೊದಲು ಆತಿಥ್ಯ ನೀಡುವ ಸಂಸ್ಥೆಯ ಒಪ್ಪಿಗೆ ಪಡೆಯಬೇಕು, ಏನು ಕೆಲಸ ಮಾಡುವೆನೆಂದು ಬರೆದು ಕೊಡಬೇಕು, ಹಿಂದಿರುಗಿದ ಮೇಲೆ ವರದಿ ಒಪ್ಪಿಸಬೇಕು. ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಸ್ಥಾಪನೆಯಾದ ಮಾನವ ಹಕ್ಕುಗಳ ಕೇಂದ್ರ ಇಂಥ ಫೆಲೋಶಿಪ್‌ಗಳನ್ನು ಬಹುಕಾಲದಿಂದ ನೀಡುತ್ತ ಬಂದಿದೆ. ಕಾನೂನು ಓದುವವರಷ್ಟೇ ಅಲ್ಲ, ಸಾರ್ವಜನಿಕ ಆರೋಗ್ಯ, ಮಾನವಶಾಸ್ತ್ರ, ಪತ್ರಿಕೋದ್ಯಮ ಓದುವವರೂ ಅಲ್ಲಿಂದ ಹೊರಟಿದ್ದಾರೆ.

ಸೇವೆ ಮಾಡುವವರಿಗೆ ಹಣವೇಕೆ ಎಂದು ಕೇಳುವವರಿದ್ದಾರೆ. 2015ರಲ್ಲಿ ಜಿನೀವಾ ನಗರದಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಉತ್ತರ ಕೊಡುತ್ತದೆ. ವಿಶ್ವಸಂಸ್ಥೆಯಲ್ಲಿ ವೇತನವಿಲ್ಲದ ತರಬೇತಿಗೆ ಸೇರಿದ್ದ ನ್ಯೂಜಿಲೆಂಡಿನ 22 ವರ್ಷದ ಯುವಕನೊಬ್ಬ ಅಲ್ಲಿನ ಬಾಡಿಗೆ ತೆರಲಾರದೆ ಸರೋವರದ ಸಮೀಪ ಡೇರೆ ಹಾಕಿಕೊಂಡು ವಾಸಿಸುತ್ತಿದ್ದ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಈ ವ್ಯವಸ್ಥೆಯ ಕಡೆಗೆ ಗಮನ ಸೆಳೆಯಲೆಂದೇ ಹಾಗೆ ಮಾಡಿದ್ದಾಗಿ ಆಮೇಲೆ ಆತನೇ ಹೇಳಿದ. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಇಂಥವರಿಗೆ ಭತ್ಯೆ ಕೊಡಲಾರಂಭಿಸಿತು. ವೇತನವಿಲ್ಲದ ಮಾನವ ಹಕ್ಕುಗಳ ಕೆಲಸ ಕೊನೆಗೆ ಉಳ್ಳವರ ಮಕ್ಕಳ ಕೆಲಸವಾಗುತ್ತದೆ. ಅಡಿಕೆ ಸುಲಿದು ಓದಿದ ಹುಡುಗಿಯೊಬ್ಬಳು ಅಲ್ಲಿಗೆ ತಲುಪಬೇಕಾದರೆ ಖರ್ಚನ್ನು ಯಾರಾದರೂ ಕೊಡಲೇಬೇಕು.

ಇನ್ನು ಹಿರಿಯರ ಪ್ರಶ್ನೆ. ಇದಕ್ಕೆ ಉತ್ತರವಾಗಿ ನಾನು ದೂರದ ಅರ್ಜೆಂಟೀನಾ ದೇಶದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದರಲ್ಲಿ ಕೆಲವು ವಾರಗಳಿಗೆ ಬಂದ ಪರದೇಶದವರಿದ್ದಾರೆ, ಸ್ಥಳೀಯ ವಿದ್ಯಾರ್ಥಿಗಳಿದ್ದಾರೆ, ಮತ್ತು ಮಣ್ಣೂ ಇದೆ.

1976ರ ಮಾರ್ಚ್ 24ರಂದು ಅರ್ಜೆಂಟೀನಾದ ಸೈನ್ಯ ಅಧಿಕಾರವನ್ನು ಕಿತ್ತುಕೊಂಡಿತು. 1983ರ ಡಿಸೆಂಬರ್‌ವರೆಗೆ ನಡೆದ ಆ ಆಳ್ವಿಕೆಯಲ್ಲಿ ಸಾವಿರಾರು ಜನರನ್ನು ಮನೆಯಿಂದ, ಕೆಲಸದ ಸ್ಥಳದಿಂದ, ರಸ್ತೆಯಿಂದ ಎತ್ತಿಕೊಂಡು ಹೋದರು. ಅವರು ಕಾಣೆಯಾದರು ಎಂಬುದೇ ಸರ್ಕಾರದ ಉತ್ತರ. ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಕವಾದ ಆಯೋಗ 1984ರಲ್ಲಿ 8,961 ಪ್ರಕರಣಗಳನ್ನು ದಾಖಲಿಸಿತು. ನಿಜ ಸಂಖ್ಯೆ 30,000 ಎಂದು ಅಲ್ಲಿನ ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ.

ಊರೂರಿನ ಸ್ಮಶಾನಗಳಲ್ಲಿ ಹೆಸರಿಲ್ಲದ ಗೋರಿಗಳಿದ್ದವು. ಅವನ್ನು ಅಗೆಯಲು ನ್ಯಾಯಾಧೀಶರು ಆದೇಶಿಸಿದರು. ಆದರೆ ಅಗೆದ ಕ್ರಮ ಹೇಗಿತ್ತು? ಯಂತ್ರ ತಂದು ಮಣ್ಣು ಎತ್ತಿ ಹಾಕಿದರು. ಎಲುಬುಗಳು ಮುರಿದವು, ಒಬ್ಬರದು ಇನ್ನೊಬ್ಬರದರೊಡನೆ ಬೆರೆತವು, ಗುಂಡುಗಳು ಮಣ್ಣಿನಲ್ಲಿ ಕಳೆದುಹೋದವು. ಮಗನ ದೇಹವೇ ಅದು ಎಂದು ತಾಯಿಗೆ ಹೇಳುವಂತಿಲ್ಲ, ಕೊಲೆ ಹೀಗಾಯಿತು ಎಂದು ನ್ಯಾಯಾಲಯಕ್ಕೆ ಹೇಳುವಂತೆಯೂ ಇಲ್ಲ.

1984ರಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ಸಣ್ಣ ತಂಡ ಅಲ್ಲಿಗೆ ಹೋಯಿತು. ಅದನ್ನು ಸಂಘಟಿಸಿದವರು ಎರಿಕ್ ಸ್ಟೋವರ್. ಮುಂದೆ ಇವರೇ ಬರ್ಕ್ಲಿಯ ಮಾನವ ಹಕ್ಕುಗಳ ಕೇಂದ್ರವನ್ನು ದೀರ್ಘಕಾಲ ನಡೆಸಿದರು. ತಂಡದಲ್ಲಿ ಎಲುಬುಗಳನ್ನು ನೋಡಿ ವ್ಯಕ್ತಿಯ ವಯಸ್ಸು, ಲಿಂಗ, ಸಾವಿನ ಕಾರಣ ಗುರುತಿಸುವ ವಿಜ್ಞಾನದಲ್ಲಿ ಪರಿಣತರಾದ ಕ್ಲೈಡ್ ಸ್ನೋ ಇದ್ದರು. ಕೆಲಸಕ್ಕೆ ಕೈಗಳು ಬೇಕಾಗಿದ್ದವು. ಮುಂದೆ ಬಂದವರು ವಿದ್ಯಾರ್ಥಿಗಳು. ಸ್ನೋ ಅವರ ಮಾತುಗಳನ್ನು ಸ್ಪ್ಯಾನಿಷ್ ಭಾಷೆಗೆ ಅನುವಾದಿಸುತ್ತಿದ್ದ ವೈದ್ಯಕೀಯ ವಿದ್ಯಾರ್ಥಿ ಮಾರಿಸ್ ಟಿಡ್‌ಬಾಲ್-ಬಿನ್ಸ್, ಮಾನವಶಾಸ್ತ್ರ ಓದುತ್ತಿದ್ದ ಪತ್ರೀಸಿಯಾ ಬೆರ್ನಾರ್ದಿ, ಮೆರ್ಸೆಡೆಸ್ ದೊರೆತ್ತಿ, ಲೂಯಿಸ್ ಫೋಂಡೆಬ್ರೈಡರ್ ಮೊದಲಾದವರು. ಸೈನ್ಯ ಮತ್ತೆ ಅಧಿಕಾರಕ್ಕೆ ಬಂದರೆ ತಮ್ಮ ಗತಿಯೇನೆಂಬ ಭಯ ಅವರಿಗಿತ್ತು. ಭಯಪಟ್ಟುಕೊಂಡೇ ಅವರು ಗುಂಡಿಗಿಳಿದರು.

ಯಂತ್ರದ ಜಾಗದಲ್ಲಿ ಕರಣೆ, ಕುಂಚ ಮತ್ತು ಜರಡಿ ಬಂದವು. ನೆಲವನ್ನು ಚೌಕಚೌಕವಾಗಿ ಗುರುತು ಮಾಡುವುದು, ಪ್ರತಿ ಹಂತದಲ್ಲೂ ಚಿತ್ರ ತೆಗೆಯುವುದು, ಎತ್ತಿದ ಮಣ್ಣನ್ನೆಲ್ಲ ಜರಡಿಯಾಡುವುದು. ಮಣ್ಣು ವಿಜ್ಞಾನ ಓದಿದವರಿಗೆ ಇದು ಅಪರಿಚಿತವಲ್ಲ. ಮೇಲ್ಮಣ್ಣು, ಕೆಳಮಣ್ಣುಗಳ ಬಣ್ಣ ಬೇರೆ ಬೇರೆ. ಒಮ್ಮೆ ಗುಂಡಿ ತೋಡಿ ಮುಚ್ಚಿದರೆ ಎರಡೂ ಬೆರೆಯುತ್ತವೆ, ಹಲವು ವರ್ಷ ಕಳೆದರೂ ಗುಂಡಿಯ ಅಂಚು ನೋಡುವ ಕಣ್ಣಿಗೆ ಕಾಣುತ್ತದೆ. ತೋಟದಲ್ಲಿ ಹಳೆಯ ಬಸಿಗಾಲುವೆ ಎಲ್ಲಿತ್ತೆಂದು ನಮ್ಮ ಕೆಲಸದಾಳುಗಳು ಗುದ್ದಲಿಯ ಒಂದು ಏಟಿಗೆ ಹೇಳುತ್ತಾರಲ್ಲ, ಅದೇ ವಿದ್ಯೆ ಇದು.

1985ರಲ್ಲಿ ಸೇನಾಧಿಪತಿಗಳ ವಿಚಾರಣೆ ನಡೆದಾಗ ಸ್ನೋ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಯುವತಿಯೊಬ್ಬಳ ಅಸ್ಥಿಗಳ ಚಿತ್ರಗಳನ್ನು ತೋರಿಸಿ, ಆಕೆಯನ್ನು ಗುಂಡಿಟ್ಟು ಕೊಂದದ್ದನ್ನೂ, ಸಾಯುವ ಮೊದಲು ಆಕೆ ಮಗುವನ್ನು ಹೆತ್ತಿದ್ದಳೆಂಬುದನ್ನೂ ವಿವರಿಸಿದರು. ಒಂಬತ್ತು ಮಂದಿ ಸೇನಾಧಿಪತಿಗಳಲ್ಲಿ ಐವರಿಗೆ ಆ ಡಿಸೆಂಬರಿನಲ್ಲಿ ಶಿಕ್ಷೆಯಾಯಿತು. ಬಳಿಕ 1986 ಮತ್ತು 1987ರಲ್ಲಿ ಬಂದ ಕಾನೂನುಗಳು ಉಳಿದ ವಿಚಾರಣೆಗಳನ್ನು ನಿಲ್ಲಿಸಿಬಿಟ್ಟವು. 2005ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಕಾನೂನುಗಳನ್ನು ಅಸಿಂಧುಗೊಳಿಸಿತು. ಇಪ್ಪತ್ತು ವರ್ಷ ಮುಚ್ಚಿದ್ದ ಬಾಗಿಲು ತೆರೆದಾಗ ಕ್ರಮಬದ್ಧವಾಗಿ ಎತ್ತಿ, ಗುರುತು ಹಾಕಿ, ಕಾಪಾಡಿದ್ದ ಸಾಕ್ಷ್ಯ ಉಪಯೋಗಕ್ಕೆ ಸಿದ್ಧವಾಗಿತ್ತು. ಯಂತ್ರದಿಂದ ಅಗೆದದ್ದು ಯಾವ ಕಾಲಕ್ಕೂ ಸಾಕ್ಷ್ಯವಾಗಲಾರದು.

ಹೀಗೆ ಕೊಲೆಯಾದ ಗರ್ಭಿಣಿಯರ ಮಕ್ಕಳು ಏನಾದರು? ಸೈನಿಕರ ಮತ್ತು ಅವರಿಗೆ ಬೇಕಾದವರ ಮನೆಗಳಲ್ಲಿ ಬೇರೆ ಹೆಸರಿನಿಂದ ಬೆಳೆಯುತ್ತಿದ್ದರು. ಅಜ್ಜಿಯರು ಅವರನ್ನು ಹುಡುಕುತ್ತಿದ್ದರು. ತಂದೆತಾಯಿ ಇಬ್ಬರೂ ಇಲ್ಲದಿರುವಾಗ ಮೊಮ್ಮಗು ತನ್ನದೇ ಎಂದು ಅಜ್ಜಿ ಸಿದ್ಧಪಡಿಸುವುದು ಹೇಗೆ? ಬರ್ಕ್ಲಿಯ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1984ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮೊದಲು ರಕ್ತದ ಕೆಲವು ಗುರುತುಗಳಿಂದ, ಆಮೇಲೆ ಮೈಟೊಕಾಂಡ್ರಿಯಾದ ಡಿಎನ್‌ಎಯಿಂದ ಅವರು ದಾರಿ ಕಂಡುಕೊಂಡರು. ಜೀವಕೋಶದ ಈ ಭಾಗ ಮಗುವಿಗೆ ತಾಯಿಯಿಂದ ಮಾತ್ರ ಬರುತ್ತದೆ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿಯು ತಾಯಿಯ ಕಡೆಯಿಂದ ಹರಿದುಬರುವಂತೆಯೇ ಇದು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗುವಿಗೆ. ನಡುವಿನ ಮಗಳು ಇಲ್ಲದಿದ್ದರೂ ಎರಡು ತುದಿಗಳು ಹೊಂದುತ್ತವೆ. (ಸಸ್ಯಗಳಲ್ಲೂ ಸಾಮಾನ್ಯವಾಗಿ ಹೀಗೆಯೇ. 1970ರಲ್ಲಿ ಅಮೆರಿಕದ ಮೆಕ್ಕೆಜೋಳವನ್ನು ಎಲೆ ಅಂಗಮಾರಿ ರೋಗ ಹಾಳುಮಾಡಿದ್ದು, ತಾಯಿಯ ಕಡೆಯಿಂದ ಬಂದ ಇಂಥದೇ ಒಂದು ಗುಣ ಹೊಲಹೊಲಗಳಲ್ಲೆಲ್ಲ ಹಬ್ಬಿದ್ದರಿಂದ. ಆ ಮಾತು ಇನ್ನೊಂದು ದಿನಕ್ಕಿರಲಿ.) 1987ರಲ್ಲಿ ಕಾನೂನಿನ ಮೂಲಕ ಅಲ್ಲಿ ರಾಷ್ಟ್ರೀಯ ತಳಿಮಾಹಿತಿ ಭಂಡಾರ ಸ್ಥಾಪನೆಯಾಯಿತು. 2025ರ ವೇಳೆಗೆ ಪತ್ತೆಯಾದ ಮೊಮ್ಮಕ್ಕಳ ಸಂಖ್ಯೆ ಸುಮಾರು 140. ಈಗ ಅವರೆಲ್ಲ ನನ್ನ ವಯಸ್ಸಿನವರು.

ಇಷ್ಟು ದೀರ್ಘವಾಗಿ ಇದನ್ನು ಹೇಳಿದ್ದೇಕೆಂದರೆ, ಅಲ್ಲಿ ಪರದೇಶದವರು ಮಾಡಿದ್ದೇನು, ಸ್ಥಳೀಯರು ಮಾಡಿದ್ದೇನು ಎಂಬುದನ್ನು ನಾವು ಬಿಡಿಸಿ ನೋಡಬೇಕು. ಸ್ನೋ ಅಲ್ಲೇ ನೆಲೆಸಲಿಲ್ಲ. ಬಂದರು, ಕಲಿಸಿದರು, ಹೋದರು, ಮತ್ತೆ ಮತ್ತೆ ಬಂದರು. ಕಲಿತ ವಿದ್ಯಾರ್ಥಿಗಳು ಅಲ್ಲೇ ಉಳಿದರು. ಅವರು ಕಟ್ಟಿದ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ ಮುಂದೆ ಹತ್ತಾರು ದೇಶಗಳಲ್ಲಿ ಕೆಲಸ ಮಾಡಿತು. 1992ರಲ್ಲಿ ಎಲ್ ಸಾಲ್ವಡಾರ್ ದೇಶದ ಎಲ್ ಮೊಸೊತೆ ಗ್ರಾಮದಲ್ಲಿ ಅವರು ಒಂದೇ ಕಟ್ಟಡದ ಅವಶೇಷದಿಂದ 143 ಜನರ ಅಸ್ಥಿಗಳನ್ನು ತೆಗೆದರು. ಬಹುಪಾಲು ಮಕ್ಕಳವು. ಅಲ್ಲಿ ಹತ್ಯಾಕಾಂಡ ನಡೆದೇ ಇಲ್ಲ ಎಂದು ಹತ್ತು ವರ್ಷ ಹೇಳಿಕೊಂಡು ಬಂದವರ ಬಾಯಿ ಅಂದು ಮುಚ್ಚಿತು. ಅಂದಿನ ಅನುವಾದಕ ವಿದ್ಯಾರ್ಥಿ ಟಿಡ್‌ಬಾಲ್-ಬಿನ್ಸ್ 2021ರಲ್ಲಿ ಕಾನೂನುಬಾಹಿರ ಹತ್ಯೆಗಳ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿ ನೇಮಕಗೊಂಡರು. ಬಂದವರ ಕೌಶಲ ಇದ್ದವರ ಕೈಗೆ ದಾಟಿದ್ದರಿಂದ ಇದೆಲ್ಲ ಆಯಿತು. ದಾಟದೆ ಇದ್ದಿದ್ದರೆ ಸ್ನೋ ಅವರ ಪ್ರವಾಸದ ಕುರಿತು ಒಂದು ಒಳ್ಳೆಯ ಲೇಖನ ಮಾತ್ರ ಉಳಿಯುತ್ತಿತ್ತು.

ನಮ್ಮ ಕಡೆಯ ಒಂದು ಉದಾಹರಣೆ ತಮಗೆ ಗೊತ್ತಿರುವುದೇ. ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು 2000ದವರೆಗೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಗಳಲ್ಲೂ ಸಿಂಪಡಣೆಯಾಯಿತು. ಗುಡ್ಡ ಕಣಿವೆಗಳ ನೆಲದಲ್ಲಿ ಔಷಧ ತೋಟದೊಳಗೇ ನಿಲ್ಲುವುದಿಲ್ಲ. ಗಾಳಿಗೆ ಹರಡುತ್ತದೆ, ಕೆಳಗಿನ ಬಾವಿ, ಸುರಂಗಗಳಿಗೆ ಇಳಿಯುತ್ತದೆ. ಇದು ಮೊದಲು ಬಯಲಿಗೆ ಬಂದದ್ದು ದೊಡ್ಡ ಪ್ರಯೋಗಶಾಲೆಯಿಂದಲ್ಲ. ಪಡ್ರೆ ಎಂಬ ಹಳ್ಳಿಯ ವೈದ್ಯರೊಬ್ಬರು ತಮ್ಮ ರೋಗಿಗಳಲ್ಲಿ ಸಹಜವಲ್ಲದ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿ ಬರೆದಿಟ್ಟದ್ದರಿಂದ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದ ಸಭೆಯಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ತಡೆ ವಿಧಿಸಿತು. ಹಳ್ಳಿಯ ವೈದ್ಯರ ಬರಹಕ್ಕೂ ಜಿನೀವಾಕ್ಕೂ ಸಂಬಂಧವಿಲ್ಲವೆಂದು ಇನ್ನು ಯಾರೂ ಹೇಳಬೇಡಿ. ಮಾನವ ಹಕ್ಕು ಎಂಬುದೇ ಹೊರಗಿನ ಸರಕು ಎನ್ನುವವರಿಗೆ ಇನ್ನೊಂದು ಮಾತು. 1948ರ ವಿಶ್ವ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ.

ಈಗ ನಮ್ಮ ಮುಂದಿರುವ ಕೆಲಸಕ್ಕೆ ಬರೋಣ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಗದ ಮಾತ್ರ ಸಾಕ್ಷ್ಯವಲ್ಲ. ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ಮನೆಯ ಅಡಿಪಾಯ ಇವನ್ನೂ ನಿಯಮಗಳು ಒಪ್ಪುತ್ತವೆ. ಅರ್ಜಿ ತಿರಸ್ಕರಿಸಿದರೆ ಅದನ್ನು ಅರ್ಜಿದಾರರಿಗೆ ತಿಳಿಸಬೇಕು, 60 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. 2019ರ ಫೆಬ್ರವರಿಯಲ್ಲಿ ತಿರಸ್ಕೃತರನ್ನು ಒಕ್ಕಲೆಬ್ಬಿಸುವ ಆದೇಶ ಬಂದು, ಎರಡು ವಾರಗಳಲ್ಲಿ ಅದಕ್ಕೆ ತಡೆ ಸಿಕ್ಕಿದ್ದು ಎಲ್ಲರ ನೆನಪಿನಲ್ಲಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತಿರಸ್ಕಾರದ ಪತ್ರವೂ ಇಲ್ಲ, ಕಾರಣವೂ ಗೊತ್ತಿಲ್ಲ. ಎಂಬತ್ತು ದಾಟಿದ ಹಿರಿಯರ ಹೇಳಿಕೆ ಇಂದು ಬರೆದುಕೊಳ್ಳದಿದ್ದರೆ ಮುಂದಿನ ವರ್ಷ ಬರೆದುಕೊಳ್ಳಲು ಅವರೇ ಇರಲಿಕ್ಕಿಲ್ಲ.

ಹತ್ತು ವಾರಗಳಲ್ಲಿ ಮಾಡಬಹುದಾದ ಕೆಲಸ ಇದು. ಮೇಲುನೋಟಕ್ಕೆ ಬಹಳ ಸಪ್ಪೆಯಾದ ಕೆಲಸ. ಯಾರು ಹೇಳಿದರು, ಯಾವ ದಿನ, ಯಾರ ಎದುರಿನಲ್ಲಿ, ಮೂಲಪತ್ರ ಯಾರಲ್ಲಿದೆ ಎಂಬುದನ್ನು ಒಂದೊಂದು ಮನೆಗೂ ಬರೆಯಬೇಕು. ಕಾನೂನು ಓದಿದವರಿಗೆ ಹೇಳಿಕೆ ಪಡೆಯುವ ಶಿಸ್ತು ಗೊತ್ತಿರುತ್ತದೆ, ಭಾಷೆ ಗೊತ್ತಿರುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಭಾಷೆ ಗೊತ್ತು, ನೆಂಟಸ್ತಿಕೆ ಗೊತ್ತು, ಶಿಸ್ತು ಇಲ್ಲ. ಇಬ್ಬರೂ ಜೊತೆಯಾಗಿ ಮನೆಮನೆಗೆ ಹೋದರೆ ಆಗಸ್ಟ್ ತಿಂಗಳಲ್ಲಿ ಆಕೆ ವಿಮಾನ ಹತ್ತಿದ ಮೇಲೂ ಕೆಲಸ ನಿಲ್ಲುವುದಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬರು ಮೊದಲ ದಿನದಿಂದ ಜೊತೆಗಿರದೆ ಯಾರಿಗೂ ಆತಿಥ್ಯ ನೀಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪಾಯವನ್ನೂ ಹೇಳಬೇಕು. ಅತಿಥಿ ಹೊರಟುಹೋಗುತ್ತಾರೆ, ಹೇಳಿಕೆ ಕೊಟ್ಟವರು ಇಲ್ಲೇ ಇರುತ್ತಾರೆ. ಅಧಿಕಾರಿಯೊಬ್ಬರ ವಿರುದ್ಧ ಆಡಿದ ಮಾತು ಇಂಗ್ಲಿಷ್ ವರದಿಯಲ್ಲಿ ಹೆಸರು ಸಮೇತ ಅಚ್ಚಾದರೆ ಅದರ ಬಿಸಿ ತಟ್ಟುವುದು ನಮ್ಮ ಮನೆಗೆ. ಆದ್ದರಿಂದ ಹೆಸರು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬ ನಿರ್ಧಾರ ಹೇಳಿದವರದೇ ಆಗಿರಬೇಕು, ಮನಸ್ಸು ಬದಲಾದರೆ ಹಿಂದೆಗೆದುಕೊಳ್ಳುವ ಅವಕಾಶವೂ ಬೇಕು. ಮೂಲಪತ್ರ ಮನೆಯಿಂದ ಹೊರಗೆ ಹೋಗಕೂಡದು. ಬರೆದುದರ ಕನ್ನಡ ಪ್ರತಿ ಆಯಾ ಮನೆಯಲ್ಲೂ ಬಳಗದಲ್ಲೂ ಉಳಿಯಬೇಕು. ಕಣ್ಣೀರಿನ ಚಿತ್ರ ತೆಗೆದು ಪ್ರದರ್ಶನಕ್ಕಿಡುವ ಅಭ್ಯಾಸ ಕೆಲವರಿಗಿದೆ. ಅದು ಬೇಡವೇ ಬೇಡ. ಪ್ರವಾಸಿ ವೀಸಾದಲ್ಲಿ ಬಂದು ಸಂಶೋಧನೆ ನಡೆಸುವಂತಿಲ್ಲ ಎಂಬುದನ್ನು ಪತ್ರದಲ್ಲೇ ಸ್ಪಷ್ಟವಾಗಿ ತಿಳಿಸಬೇಕು.

ಇನ್ನೊಂದು ತೊಡಕಿದೆ, ನಗಬೇಡಿ. ಅವರ ಬೇಸಿಗೆ ನಮ್ಮ ಮಳೆಗಾಲ! ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮಲ್ಲಿ ನಾಟಿ, ಅಡಿಕೆಗೆ ಬೋರ್ಡೋ ಸಿಂಪಡಣೆ. ಹಗಲು ಹೊತ್ತು ಕುಳಿತು ಮಾತನಾಡಲು ಯಾರಿಗೂ ಪುರುಸೊತ್ತಿಲ್ಲ. ಕರೆಂಟಿಲ್ಲ, ಕಾಲುಸಂಕ ಮುಳುಗಿರುತ್ತದೆ, ಉಂಬಳಗಳಂತೂ ಅತಿಥಿಗಳನ್ನು ಬಹಳ ಪ್ರೀತಿಸುತ್ತವೆ. ಆಷಾಢದಲ್ಲಿ ಗದ್ದೆಕೆಲಸ ಮುಗಿದ ಮನೆಗಳಿಂದ ಆರಂಭಿಸಿ, ರಾತ್ರಿ ಊಟದ ನಂತರದ ಹೊತ್ತನ್ನು ಬಳಸಿಕೊಂಡರೆ ಸಾಧ್ಯವಾದೀತು. ದಾಖಲೆಗಳಿಗೆ ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಚೀಲ, ಕೆಂಡದ ಬಿಸಿ ಇವುಗಳ ವ್ಯವಸ್ಥೆ ನಮ್ಮ ಅಮ್ಮಂದಿರಿಗೆ ಗೊತ್ತು.

ಕೊನೆಯದಾಗಿ ಅರ್ಜಿ ಹಾಕುವ ನಮ್ಮ ಇಬ್ಬರು ವಿದ್ಯಾರ್ಥಿಗಳಿಗೆ. ಮೇಲೆ ಹೇಳಿದ ವಿದೇಶಿ ಫೆಲೋಶಿಪ್‌ಗಳು ಹೆಚ್ಚಾಗಿ ಆಯಾ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೇ ಮೀಸಲು. ಹೊರಗಿನವರು ಅರ್ಜಿ ಹಾಕಿ ನಿರಾಶರಾಗುವುದು ಬೇಡ. ಮೊದಲು ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಬೇಸಿಗೆ ತರಬೇತಿಯನ್ನು ನೋಡಿ. 1993ರ ಕಾಯಿದೆಯಂತೆ ಸ್ಥಾಪನೆಯಾದ ಈ ಆಯೋಗ ದೇಶದ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಸುಮಾರು ಒಂದು ತಿಂಗಳ ಅವಧಿಗೆ ಆರಿಸಿಕೊಳ್ಳುತ್ತದೆ. ದೂರು ಹೇಗೆ ದಾಖಲಾಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಒಳಗಿನಿಂದ ನೋಡಿ ಬಂದವರು ನಮಗೆ ಬಹಳ ಉಪಯೋಗಕ್ಕೆ ಬರುತ್ತಾರೆ.

ಮಲೆಕುಡಿಯ, ಹಸಲರು, ಸಿದ್ದಿ ಮೊದಲಾದ ಸಮುದಾಯಗಳ ಯುವಕ ಯುವತಿಯರ ಗಮನಕ್ಕೆ ಇನ್ನೊಂದನ್ನು ತರಬೇಕು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿ 1997ರಲ್ಲಿ ಮೂಲನಿವಾಸಿಗಳಿಗಾಗಿಯೇ ಒಂದು ಫೆಲೋಶಿಪ್ ಆರಂಭಿಸಿತು. ಆಯ್ಕೆಯಾದವರಿಗೆ ಜಿನೀವಾದಲ್ಲಿ ತರಬೇತಿ. ಇದರ ವಿಶೇಷವೆಂದರೆ ಪದವಿ ಇಲ್ಲವೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬುದು. ತಮ್ಮ ಜನರ ನಡುವೆ ಮಾಡಿದ ಕೆಲಸ ಮುಖ್ಯ, ತಮ್ಮ ಸಂಘಟನೆಯ ಬೆಂಬಲಪತ್ರ ಮುಖ್ಯ. ಮೂಲನಿವಾಸಿ ಎಂಬ ಪದದ ಬಗ್ಗೆ ಭಾರತ ಸರ್ಕಾರದ ನಿಲುವು ಬೇರೆ, ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂದು ಅದು ಹೇಳುತ್ತ ಬಂದಿದೆ. ಆ ಚರ್ಚೆಯನ್ನೂ ತಿಳಿದುಕೊಂಡೇ ಅರ್ಜಿ ಬರೆಯಬೇಕು. ಕನ್ನಡದಲ್ಲಿ ತರಬೇತಿ ಇಲ್ಲದ್ದರಿಂದ ಇಂಗ್ಲಿಷ್ ಅಭ್ಯಾಸವಂತೂ ಬೇಕು. ಅದಕ್ಕೆ ಚಳಿಗಾಲದ ಭಾನುವಾರಗಳಲ್ಲಿ ನಾನು ಸಮಯ ಕೊಡಬಲ್ಲೆ.

ಆ ವಿದ್ಯಾರ್ಥಿನಿಗೆ ಬರೆಯಬೇಕಾದ ಉತ್ತರದ ಕರಡನ್ನು ಕಾರ್ಯದರ್ಶಿಗಳು ಈಗ ಓದುತ್ತಾರೆ. ನಾನು ಹೇಳಿದ ಷರತ್ತುಗಳು ಅದರಲ್ಲಿವೆ. ಸೇರಿಸಬೇಕಾದದ್ದು, ತೆಗೆಯಬೇಕಾದದ್ದು ಇದ್ದರೆ ದಯವಿಟ್ಟು ಇಲ್ಲೇ ಹೇಳಿ. ಆತಿಥ್ಯವೇ ಬೇಡ ಎನ್ನುವವರೂ ಸಂಕೋಚವಿಲ್ಲದೆ ಹೇಳಬೇಕು, ಏಕೆಂದರೆ ಆಕೆ ಉಳಿಯಬೇಕಾದದ್ದು ತಮ್ಮ ಮನೆಗಳಲ್ಲಿ. ಅರ್ಜಿ ಹಾಕುವ ಇಬ್ಬರು ಊಟವಾದ ಮೇಲೆ ತಮ್ಮ ಕಾಗದಗಳೊಡನೆ ಹಿಂದಿನ ಜಗಲಿಗೆ ಬರಲಿ.